ಮಿಗ್-21ರ ಬೆಳ್ಳಿ ಮೈಗೆ ನೆಲ ಹದ ಮಾಡಿಕೊಂಡ ಬಗೆ

ಮಿಗ್-21 ಯುದ್ಧವಿಮಾನ 1963ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿ, 2025ರ ಸೆಪ್ಟೆಂಬರ್‌ನಲ್ಲಿ ಸೇವೆಯಿಂದ ನಿವೃತ್ತವಾಯಿತು. ಈ ದೀರ್ಘ ಅವಧಿಯಲ್ಲಿ ಅದು ತೊಟ್ಟ ಬಣ್ಣಗಳು ಹಲವಾದರೂ, ನನ್ನ ಮನಸ್ಸಿಗೆ ಹಿಡಿಸಿದ್ದು ಆರಂಭದ ವರ್ಷಗಳ ಆ ಬರಿಯ ಲೋಹದ ಮೈ. ಅದನ್ನೇ 1/48 ಅಳತೆಯ ಪ್ಲಾಸ್ಟಿಕ್ ಮಾದರಿಯಲ್ಲಿ ಮೂಡಿಸಬೇಕೆಂದು ಬಳ್ಳಾರಿಯ ನನ್ನ ಮನೆಯಲ್ಲಿ ಮಾಡಿದ ಕೆಲಸವನ್ನು ಇಲ್ಲಿ ವಿವರಿಸಿದ್ದೇನೆ. ಇದರಲ್ಲಿ ಬೆಳ್ಳಿ ಬಣ್ಣದ ಶೀಶೆ ತೆರೆಯುವುದು ತೀರಾ ಕೊನೆಗೆ. ಫಲಿತಾಂಶ ಅದಕ್ಕೂ ಮೊದಲೇ ನಿರ್ಧಾರವಾಗಿಬಿಟ್ಟಿರುತ್ತದೆ.

ಲೋಹದ ಬಣ್ಣದಲ್ಲಿರುವುದು ಅಲ್ಯೂಮಿನಿಯಂನ ಅತಿ ಸಣ್ಣ ಚಕ್ಕೆಗಳು. ಕೆಳಗಿನ ಮೇಲ್ಮೈ ನುಣುಪಾಗಿದ್ದರೆ ಅವು ಚಪ್ಪಟೆಯಾಗಿ ಮಲಗಿ ಬೆಳಕನ್ನು ಒಂದೇ ಕಡೆಗೆ ಹಿಂತಿರುಗಿಸುತ್ತವೆ. ತರಿತರಿಯಾಗಿದ್ದರೆ ಅಡ್ಡಾದಿಡ್ಡಿ ನಿಂತು ಬೆಳಕನ್ನು ಚೆದುರಿಸುವುದರಿಂದ ಬೂದು ಬಳಿದಂತೆ ಕಾಣುತ್ತದೆ. ಹಸಿರು, ಕಂದು ಬಣ್ಣದ ಮರೆಮಾಚು ವಿನ್ಯಾಸದಲ್ಲಿ ಅಡಗಿಹೋಗುವ ಸಣ್ಣ ಗೀರು ಸಹ ಈ ತೆಳುವಾದ ಪದರದ ಕೆಳಗಿನಿಂದ ಎದ್ದು ಕಾಣುತ್ತದೆ.

ಆದುದರಿಂದ ನಾನು ಅತಿ ಹೆಚ್ಚು ಸಮಯ ಕೊಡುವುದು ಬೆಸುಗೆಗೆ, ಅಂದರೆ ವಿಮಾನದ ಮೈಯ ಎರಡು ಅರ್ಧಗಳು ಕೂಡುವ ಗೆರೆಗೆ. ಪುಟ್ಟಿ ತುಂಬಿದ ಜಾಗ ಬಣ್ಣವನ್ನು ಹೀರಿಕೊಳ್ಳುವುದರಿಂದ ಅಲ್ಲಿ ಮಂಕಾದ ಪಟ್ಟೆಯೊಂದು ಉಳಿಯುತ್ತದೆ. ಅದಕ್ಕಾಗಿ ನಾನು ಸೂಪರ್ ಗ್ಲೂ ತುಂಬುತ್ತೇನೆ. ಅದು ಬಣ್ಣ ಹೀರುವುದಿಲ್ಲ, ಆದರೆ ಹೊತ್ತು ಕಳೆದಂತೆ ಪ್ಲಾಸ್ಟಿಕ್ಕಿಗಿಂತ ಗಡುಸಾಗುತ್ತದೆ. ಹಿಡಿದ ಕೂಡಲೇ ಉಜ್ಜದೆ ಬಿಟ್ಟರೆ ಸುತ್ತಲಿನ ಪ್ಲಾಸ್ಟಿಕ್ ಸವೆದು ಅಂಟು ಮಾತ್ರ ಉಬ್ಬಿ ನಿಲ್ಲುತ್ತದೆ.

ಉಜ್ಜುವ ಸಾಮಗ್ರಿಗೆ ದೂರದ ಊರುಗಳಿಂದ ಪಾರ್ಸೆಲ್ ತರಿಸಬೇಕಾಗಿಲ್ಲ. ಕಾರುಗಳ ಡೆಂಟಿಂಗ್, ಪೇಂಟಿಂಗ್ ಮಾಡುವವರಿಗೆ ಸಾಮಾನು ಮಾರುವ ಬಳ್ಳಾರಿಯ ಅಂಗಡಿಗಳಲ್ಲಿ ವಾಟರ್ ಪೇಪರ್, ಅಂದರೆ ನೀರಿನಲ್ಲಿ ಅದ್ದಿ ಉಜ್ಜುವ ಮರಳು ಕಾಗದ ಸಿಗುತ್ತದೆ. ಅದರ ಸಂಖ್ಯೆ ಹೆಚ್ಚಿದಷ್ಟೂ ತರಿ ನಯ. 400ರಿಂದ ತೊಡಗಿ 800, 1000, 1500, 2000 ಎಂದು ಒಂದೊಂದೇ ಮೆಟ್ಟಿಲು ಏರುತ್ತ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರಿನಲ್ಲಿ ಕಾಗದವನ್ನು ಅದ್ದಿ ಉಜ್ಜಬೇಕು. ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕನ್ನು ಬದಲಿಸಿದರೆ ಹಿಂದಿನ ಕಾಗದದ ಗೀರು ಪೂರ್ತಿ ಹೋಯಿತೋ ಇಲ್ಲವೋ ಎಂಬುದು ಸ್ಪಷ್ಟವಾಗುತ್ತದೆ. ನನಗೆ ಕಾಗದ ಹಿಡಿಯುವುದನ್ನು ಹೇಳಿಕೊಟ್ಟ ಕಾರ್ ಪೇಂಟರ್ ಒಬ್ಬರು, "ಕಣ್ಣು ಮುಚ್ಚಿ ಕೈಯಾಡಿಸಿ ನೋಡ್ರಿ ಸರ್, ಕಣ್ಣಿಗೆ ಕಾಣ್ದಿದ್ದು ಬೆರಳಿಗೆ ಗೊತ್ತಾಗ್ತದ" ಎಂದಿದ್ದರು. ಅಂದಿನಿಂದ ಬೆಸುಗೆಯನ್ನು ಮೊದಲು ಬೆರಳಿನಿಂದ, ಆಮೇಲೆ ಓರೆಯಾಗಿ ಹಿಡಿದ ಟಾರ್ಚಿನ ಬೆಳಕಿನಲ್ಲಿ ಪರೀಕ್ಷಿಸುತ್ತೇನೆ. ಉಜ್ಜುವಾಗ ಅಳಿಸಿಹೋದ ತಗಡಿನ ಜೋಡಣೆಯ ಗೆರೆಗಳನ್ನು ಸೂಜಿಯಿಂದ ಮತ್ತೆ ಕೊರೆದು, ಇಡೀ ಮಾದರಿಯನ್ನು ಸೋಪುನೀರಿನಲ್ಲಿ ತೊಳೆದ ಮೇಲೆ ಕೈಗವಸಿಲ್ಲದೆ ಮುಟ್ಟುವುದಿಲ್ಲ. ಬೆರಳಿನ ಜಿಡ್ಡು ಬೆಳ್ಳಿಯ ಕೆಳಗೂ ಅಚ್ಚೊತ್ತಿದಂತೆ ಕಾಣುತ್ತದೆ.

ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಸವಾಲು ಧೂಳಿನದು. ಸಂಡೂರು ಕಡೆಯ ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ; ಒಣಬಟ್ಟೆಯಿಂದ ಒರೆಸಿದ ಪ್ಲಾಸ್ಟಿಕ್‌ನಲ್ಲಿ ಸ್ಥಿರವಿದ್ಯುತ್ ಉಂಟಾಗಿ ಆ ಧೂಳನ್ನು ತಾನೇ ಸೆಳೆದುಕೊಳ್ಳುತ್ತದೆ. ಹಾಗಾಗಿ ನಾನು ಒದ್ದೆ ಬಟ್ಟೆಯಿಂದಲೇ ಒರೆಸುತ್ತೇನೆ. ಬಣ್ಣ ಹೊಡೆಯುವುದು ಸ್ನಾನದ ಕೋಣೆಯಲ್ಲಿ: ನೆಲಕ್ಕೂ ಗೋಡೆಗೂ ನೀರು ಎರಚಿ, ಗಾಳಿಯಲ್ಲಿನ ಧೂಳು ಇಳಿಯುವವರೆಗೆ ಕಾದು, ಎಕ್ಸಾಸ್ಟ್ ಫ್ಯಾನ್ ಹಾಕಿ, ರಾಸಾಯನಿಕ ಆವಿಯನ್ನು ತಡೆಯುವ ಮಾಸ್ಕ್ ಧರಿಸಿ ಕೆಲಸ ಶುರುಮಾಡುತ್ತೇನೆ. ಥಿನ್ನರಿನಲ್ಲಿ ಕರಗಿ ಬೇಗ ಒಣಗುವ ಲ್ಯಾಕರ್ ಬಣ್ಣದ ಆವಿಯನ್ನು ಎಂದಿಗೂ ಹಗುರವಾಗಿ ಕಾಣಬಾರದು. ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ಬಣ್ಣದ ಹನಿಗಳು ಮಾದರಿಯನ್ನು ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಂತೆ ಕೂರುವುದರಿಂದ, ಬೇಸಿಗೆಯಲ್ಲಿ ಬೆಳಗಿನ ಜಾವವನ್ನೇ ಆರಿಸಿಕೊಂಡು, ಥಿನ್ನರಿಗೆ ಒಣಗುವಿಕೆಯನ್ನು ನಿಧಾನಗೊಳಿಸುವ ರಿಟಾರ್ಡರ್ ಸ್ವಲ್ಪ ಬೆರೆಸುತ್ತೇನೆ.

ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಕೊಡುವ ತಳಪದರ ಇಲ್ಲದೆ ಲ್ಯಾಕರ್ ಹೊಡೆದರೆ ಪ್ಲಾಸ್ಟಿಕ್ ಬಿರುಕುಬಿಡುವ ಸಂಭವವಿದೆ. ಅದಕ್ಕಾಗಿ ಮೊದಲು ಮಿಸ್ಟರ್ ಸರ್ಫೇಸರ್ 1500 ಎಂಬ ಪ್ರೈಮರ್ ಹೊಡೆದು, 2000ರ ಕಾಗದದಿಂದ ನಯವಾಗಿ ಸವರಿ, ಅದರ ಮೇಲೆ ಹೊಳಪಿನ ಕಪ್ಪನ್ನು ತೆಳುವಾದ ಪದರಗಳಲ್ಲಿ ಕೊಡುತ್ತೇನೆ. ಈ ಕಪ್ಪು ಪೂರ್ತಿ ಗಟ್ಟಿಯಾಗುವವರೆಗೆ ಮಾದರಿ ಮುಚ್ಚಿದ ಡಬ್ಬಿಯಲ್ಲಿ ನೆರಳಿನಲ್ಲಿರಬೇಕು. ಬೇಗ ಒಣಗಲೆಂದು ತಾರಸಿಯ ಬಿಸಿಲಿಗಿಡುವುದು ಅಪಾಯಕರ. ಕಪ್ಪು ಬಣ್ಣ ಶಾಖವನ್ನು ಹೀರುತ್ತದೆ, ತೆಳುವಾದ ರೆಕ್ಕೆಗಳು ಬಾಗಬಹುದು. ಒಣಗಿದ ಕಪ್ಪಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬದ ಅಂಚು ಅಲುಗದೆ ನೇರವಾಗಿ ಕಂಡರೆ ಮಾತ್ರ ಮುಂದುವರಿಯಬೇಕು, ಇಲ್ಲದಿದ್ದರೆ ಮತ್ತೆ ವಾಟರ್ ಪೇಪರ್ ಹಿಡಿಯಬೇಕು.

ಇಡೀ ವಿಮಾನವನ್ನು ಒಂದೇ ಕಪ್ಪಿನ ಮೇಲೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ನಿಜವಾದ ವಿಮಾನ ಕನ್ನಡಿಯಂತಿರಲಿಲ್ಲ. ತಗಡಿನಿಂದ ತಗಡಿಗೆ ಹೊಳಪು ಬದಲಾಗುತ್ತಿತ್ತು, ಎಂಜಿನ್ನಿನ ಬಿಸಿ ತಾಗುವ ಹಿಂಭಾಗ ಕಪ್ಪಿಟ್ಟಿರುತ್ತಿತ್ತು. ಆದುದರಿಂದ ಕೆಲವು ತಗಡುಗಳ ಕೆಳಗೆ ಕಪ್ಪಿನ ಬದಲು ಬೂದು ಬಣ್ಣ ಕೊಡುತ್ತೇನೆ. ಅದೇ ಬೆಳ್ಳಿ ಅಲ್ಲಿ ಮಂದವಾಗಿ ಕಾಣುತ್ತದೆ. ಪಕ್ಕದ ತಗಡಿಗೆ ಬಣ್ಣ ತಾಗದಂತೆ ಮುಚ್ಚುವ ಅಂಟು ಟೇಪನ್ನು ಮೊದಲು ಅಂಗೈಗೆ ಒತ್ತಿ ತೆಗೆದು, ಅದರ ಹಿಡಿತವನ್ನು ಕಡಿಮೆ ಮಾಡಿಕೊಂಡೇ ಬಳಸಬೇಕು.

ಆಲ್‌ಕ್ಲ್ಯಾಡ್ ಎಂಬ ಬ್ರ್ಯಾಂಡಿನ ಅಲ್ಯೂಮಿನಿಯಂ ಬಣ್ಣವನ್ನು ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) 12ರಿಂದ 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ, ಹತ್ತಿರದಿಂದ, ಮಂಜಿನಷ್ಟು ತೆಳುವಾಗಿ ಹೊಡೆದು, ಕಪ್ಪು ಮರೆಯಾದ ಕೂಡಲೇ ನಿಲ್ಲಿಸುತ್ತೇನೆ. ಇನ್ನೊಂದು ಪದರ ಹೆಚ್ಚಾದರೆ ಆಳ ಹೋಗಿ ಬರಿಯ ಬಣ್ಣವಾಗುತ್ತದೆ. ಮೂಗಿನ ಶಂಕು ಲೋಹದ್ದಲ್ಲ, ಅದರೊಳಗೆ ರಾಡಾರ್ ಇರುವುದರಿಂದ ಅದಕ್ಕೆ ಪ್ರತ್ಯೇಕ ಬಣ್ಣ. ಬೆಳ್ಳಿಯ ಮೇಲೆ ವಾರ್ನಿಷ್ ಹೊಡೆದರೆ ಹೊಳಪು ಮಂಕಾಗುತ್ತದೆ. ವಾಯುಪಡೆಯ ಚಕ್ರಲಾಂಛನದ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ, ಅಂಟಲು ಬೇಕಾದ ನುಣುಪು ಹೇಗೂ ಕೆಳಗಿರುವುದರಿಂದ ಡೆಕಾಲನ್ನು ನೇರವಾಗಿ ಬೆಳ್ಳಿಯ ಮೇಲೆಯೇ ಇಟ್ಟು, ನೀರನ್ನು ಹತ್ತಿಯಿಂದ ಒತ್ತಿ ತೆಗೆಯುತ್ತೇನೆ.