ಸಂದರ್ಶನ ಮಾಡಲು ಹೊರಟಿದ್ದೀರಾ? ಮೊದಲು ಸುಮ್ಮನಿರುವುದು ಕಲಿಯಿರಿ

ಮನಃಶಾಸ್ತ್ರದ ವಿದ್ಯಾರ್ಥಿಗಳು ಸಂಶೋಧನೆಗೆಂದು ಮಾಡಿದ ಸಂದರ್ಶನಗಳ ರೆಕಾರ್ಡಿಂಗ್ ತಂದು ನನಗೆ ಕೇಳಿಸುತ್ತಾರೆ. ಹೆಚ್ಚಿನವುಗಳಲ್ಲಿ ಮಾತೆಲ್ಲ ಪ್ರಶ್ನೆ ಕೇಳುವವರದ್ದೇ. ಎದುರಿಗೆ ಕೂತವರು ‘ಹೌದು’, ‘ಹೂಂ’ ಎನ್ನುತ್ತಾರೆ, ಅಷ್ಟೆ.

1. ಏನು ತಿಳಿಯಬೇಕು ಎಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಒಂದು ಅನುಭವ ಎಷ್ಟು ಜನರಿಗೆ ಆಗುತ್ತದೆ ಎಂಬ ಲೆಕ್ಕ ಬೇಕಿದ್ದರೆ ಪ್ರಶ್ನಾವಳಿ ಹಂಚಿ. ಆ ಅನುಭವ ಅವರಿಗೆ ಹೇಗಿತ್ತು ಎಂದು ತಿಳಿಯಬೇಕಿದ್ದರೆ ಮಾತ್ರ ಸಂದರ್ಶನ.

2. ಬಗೆ ಆರಿಸಿ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಸಾಲಿನಲ್ಲಿ ಕೇಳುವುದು ಒಂದು. ಪ್ರಶ್ನೆಪಟ್ಟಿಯೇ ಇಲ್ಲದೆ ಮಾತಿಗೆ ಕೂರುವುದು ಇನ್ನೊಂದು. ಇವೆರಡರ ನಡುವಿನದು ಅರೆರಚಿತ ಸಂದರ್ಶನ: ಕೈಯಲ್ಲಿ ಎಂಟು ಹತ್ತು ಪ್ರಶ್ನೆ ಇರುತ್ತವೆ, ಮಾತು ಹೋದ ಕಡೆ ನೀವೂ ಹೋಗಬಹುದು. ಹೊಸಬರಿಗೆ ಇದೇ ಸರಿ, ಬೇರೆ ಯೋಚನೆ ಬೇಡ.

3. ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬೇಡವೆನಿಸಿದರೆ ನಡುವೆಯೇ ನಿಲ್ಲಿಸಬಹುದು ಎಂದು ಬಾಯಿಬಿಟ್ಟು ಹೇಳಿ.

4. ಈಗ ಪ್ರಶ್ನೆ. ಎಲ್ಲರೂ ಎಡವುವುದು ಇಲ್ಲೇ. ‘ಆಗ ನಿಮಗೆ ತುಂಬಾ ಭಯ ಆಯ್ತು, ಅಲ್ವಾ?’ ಎಂದರೆ ಉತ್ತರವನ್ನೂ ನೀವೇ ಕೊಟ್ಟಂತಾಯಿತು. ಒಂದು ಪದವೇ ಸಾಕು ಕೆಡಿಸಲು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಕಿರು ಚಲನಚಿತ್ರ ತೋರಿಸಿದರು. ಕಾರುಗಳು ‘ತಾಗಿದಾಗ’ ವೇಗ ಎಷ್ಟಿತ್ತು ಎಂದು ಕೆಲವರನ್ನು ಕೇಳಿದರು, ‘ಗುದ್ದಿ ನುಜ್ಜಾದಾಗ’ ಎಷ್ಟಿತ್ತು ಎಂದು ಇನ್ನು ಕೆಲವರನ್ನು. ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ವಿಚಾರಿಸಿದರು. ಮೊದಲ ಗುಂಪಿನ 50 ಜನರಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ!

‘ಯಾಕೆ’ ಎಂದು ಶುರುವಾಗುವ ಪ್ರಶ್ನೆಯನ್ನೂ ನಾನು ಹೊಡೆದು ಹಾಕಿಸುತ್ತೇನೆ. ಯಾಕೆ ಹಾಗೆ ಮಾಡಿದೆವು ಎಂಬುದು ಎಷ್ಟೋ ಸಲ ನಮಗೇ ಗೊತ್ತಿರುವುದಿಲ್ಲ. ಕೇಳಿದರೆ ಒಪ್ಪುವಂಥ ಕಾರಣವೊಂದನ್ನು ಹೊಂದಿಸಿ ಕೊಡುತ್ತೇವೆ. ‘ಆ ದಿನ ಏನೇನಾಯ್ತು, ಮೊದಲಿಂದ ಹೇಳಿ’ ಎನ್ನಿ. ಒಂದು ಸಲಕ್ಕೆ ಒಂದೇ ಪ್ರಶ್ನೆ.

5. ಕೇಳಿದ ಮೇಲೆ ಸುಮ್ನೆ ಇರಿ. ಅವರು ನಿಲ್ಲಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ. ಆಗಲೂ ಮಾತು ಬರದಿದ್ದರೆ ಅವರ ಕೊನೆಯ ಮಾತನ್ನೇ ಮೆಲ್ಲಗೆ ಮರಳಿ ಹೇಳಿ: ‘ಒಂಟಿ ಅನ್ನಿಸಿತು, ಅಂದಿರಿ...’ ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಲ್ಲಿ ಕೆಲಸಗಾರರ ಸಂದರ್ಶನ ಆರಂಭವಾದಾಗ ಪ್ರಶ್ನೆಗಳನ್ನು ಮೊದಲೇ ಗೊತ್ತು ಮಾಡಿದ್ದರು. ಕೆಲಸಗಾರರ ಮಾತು ಮಾತ್ರ ಬೇರೆಲ್ಲಿಗೋ ಹೊರಳುತ್ತಿತ್ತು. ಕೊನೆಗೆ ಪಟ್ಟಿ ಬಿಟ್ಟು ಅವರಿಗೆ ಬೇಕಾದ್ದನ್ನು ಹೇಳಲು ಬಿಟ್ಟರು. ಅರ್ಧ ಗಂಟೆಯ ಮಾತುಕತೆ ಒಂದೂವರೆ ಗಂಟೆಗೆ ಬೆಳೆಯಿತು.

6. ರೆಕಾರ್ಡಿಂಗನ್ನು ಬರಹಕ್ಕಿಳಿಸಿ. ಒಂದು ಗಂಟೆಯ ಮಾತಿಗೆ ನಾಲ್ಕೈದು ಗಂಟೆಯಾದರೂ ಬೇಕು. ತಾನಾಗಿ ಬರೆದುಕೊಡುವ ಆ್ಯಪ್‌ಗಳನ್ನು ನಂಬಿ ಕೂರಬೇಡಿ. ನಾನು ಬಳಸಿದ ಒಂದು ಆ್ಯಪ್ ‘ಬೇಸರ’ವನ್ನು ‘ಹೆಸರು’ ಮಾಡಿತ್ತು. ತಡವರಿಕೆ, ನಿಟ್ಟುಸಿರನ್ನಂತೂ ನುಂಗಿಯೇ ಬಿಟ್ಟಿತ್ತು.

ಬರೆದದ್ದರಲ್ಲಿ ನಿಮ್ಮ ಮಾತಿನ ಕೆಳಗೆಲ್ಲ ಕೆಂಪು ಗೆರೆ ಎಳೆಯಿರಿ. ಪುಟ ಕೆಂಪಾದರೆ ಅದನ್ನು ಅಭ್ಯಾಸದ ಲೆಕ್ಕಕ್ಕೆ ಹಾಕಿ, ಪ್ರಶ್ನೆಪಟ್ಟಿ ತಿದ್ದಿ, ಬೇರೊಬ್ಬರ ಜೊತೆ ಮತ್ತೆ ಕೂರಿ.