ಮೂರು ಲೀಟರ್ ಡೀಸೆಲ್ ಎಂಜಿನ್ನಿನ ಗಾಡಿ ತಂದು ಮಾರಿದ ಕತೆ: ನನ್ನ ಅನುಭವ

2020ರ ಆಗಸ್ಟ್ ಕೊನೆಗೆ ನಾಲ್ಕು ವರ್ಷ ಹಳೆಯ ಬಿಎಂಡಬ್ಲ್ಯೂ ಎಕ್ಸ್5 ತಂದು ಕಾಫಿ ಒಣಗಿಸುವ ಕಣದ ಪಕ್ಕ ನಿಲ್ಲಿಸಿದೆ. ಭಾವ ಅದರ ಸುತ್ತ ಒಂದು ಸುತ್ತು ಹಾಕಿದರು. ಟಯರಿಗೆ ಕಾಲಲ್ಲಿ ಮೆಲ್ಲಗೆ ಒದ್ದರು. "ಮಾರಾಯ, ಇದನ್ನು ಮಾರುವ ಆಸೆ ಇವತ್ತೇ ಬಿಟ್ಟುಬಿಡು. ಕೋಳಿಗೂಡು ಮಾಡಬಹುದು ಬೇಕಾದರೆ" ಎಂದರು. ಅವರದು ಫಾರ್ಚುನರ್. ಕೊಡಗಿನ ಗೋಣಿಕೊಪ್ಪಲಿನ ಕಡೆ ನಮ್ಮಂಥ ಕಾಫಿ ಬೆಳೆಗಾರರು ಮೂವರಲ್ಲಿ ಒಬ್ಬರು ಇದೇ ಮಾತು ಹೇಳುತ್ತಾರೆ, ಅಲ್ವಾ? ಫಾರ್ಚುನರ್ ತಗೋ, ಕಣ್ಣು ಮುಚ್ಚಿ ಮಾರು.

2024ರ ಮಾರ್ಚಿನಲ್ಲಿ ಆ ಎಕ್ಸ್5 ಮಾರಿದೆ. ಕೋಳಿಗೂಡು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ದಡ್ಡತನದ ಲೆಕ್ಕ. 2015ರಲ್ಲಿ ಕರಿಮೆಣಸು ಕಿಲೋಗೆ 600ರ ಮೇಲೆ ಓಡುತ್ತಿತ್ತು. ತಲೆ ನಿಲ್ಲಲಿಲ್ಲ. ಶೋರೂಮಿಗೆ ಹೋಗಿ ಎರಡು ಲೀಟರ್ ಎಂಜಿನ್ನಿನ, ನಾಲ್ಕು ಸಿಲಿಂಡರಿನ ಹೊಸ ಲಕ್ಸುರಿ ಡೀಸೆಲ್ ಗಾಡಿ ತಂದೆ. ಯಾವ ಕಂಪನಿ ಎಂದು ಕೇಳಬೇಡಿ. ಆನ್‌ರೋಡ್ 52 ಲಕ್ಷದ ಹತ್ತಿರ. ಮೊದಲ ವರ್ಷ ಮದುವೆ ಮನೆಗಳಲ್ಲಿ ಚೆನ್ನಾಗಿತ್ತು. ಆಮೇಲೆ ಶುರುವಾಯಿತು. ಒಂದು ಮಳೆಗಾಲದಲ್ಲಿ ಡೀಸೆಲ್ ಜೊತೆ ನೀರು ಹೋಗಿ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎರಡು ಹಾಳು. ಮರುವರ್ಷ ಟರ್ಬೋ. ಟೋ ಮಾಡಿಸಿ ಮೈಸೂರಿಗೆ ಕಳಿಸುವುದು, ಅಲ್ಲಿಂದ ಬೆಂಗಳೂರಿಗೆ, ಭಾಗ ಬರಲು ಮೂರು ವಾರ. 2019ರಲ್ಲಿ ಮಾರಿದಾಗ ಕೈಗೆ ಬಂದದ್ದು 21 ಲಕ್ಷ. ನಾಲ್ಕು ವರ್ಷಕ್ಕೆ 31 ಲಕ್ಷ ಹೋಯಿತು, ರಿಪೇರಿ ಬೇರೆ. ಅಷ್ಟರಲ್ಲಿ ಮೆಣಸೂ ಅರ್ಧಕ್ಕೆ ಇಳಿದಿತ್ತು.

ಆದರೆ ಆ ಗಾಡಿಯನ್ನು ನನ್ನಿಂದ ತೆಗೆದುಕೊಂಡವನು ಮೂರು ವರ್ಷ ಓಡಿಸಿ 16ಕ್ಕೆ ಮಾರಿದ. ಅವನಿಗೆ ಹೋದದ್ದು ಐದೇ ಲಕ್ಷ. ಲಕ್ಸುರಿ ಡೀಸೆಲ್‌ಗೆ ಮರುಮಾರಾಟದ ಬೆಲೆ ಇಲ್ಲ ಎನ್ನುವವರು ಮೊದಲ ಮಾಲೀಕನ ಮಾತು ಹೇಳುತ್ತಿದ್ದಾರೆ. ಎರಡನೆಯವನ ಲೆಕ್ಕವೇ ಬೇರೆ. ಅವನು ಮಾರುವ ಮೊದಲೇ ನಾನೂ ಎರಡನೆಯವನಾಗಲು ಹೊರಟಿದ್ದೆ.

ಯಾವ ಎಂಜಿನ್ ಎಂಬುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ತಿರುಗಿದೆ. ಮರ್ಸಿಡಿಸ್ ಜಿಎಲ್‌ಇ 250ಡಿ ನೋಡಿದೆ. 2.1 ಲೀಟರ್, ನಾಲ್ಕು ಸಿಲಿಂಡರ್, 204 ಎಚ್‌ಪಿ, 500 ನ್ಯೂಟನ್ ಮೀಟರ್ ಎಳೆತದ ಬಲ (ಟಾರ್ಕ್). ಕಾಗದದ ಮೇಲೆ ಸಾಕು. ಮಾಕುಟ್ಟ ಘಾಟಿಯಲ್ಲಿ ಐದು ಜನ ಕೂತು ಹತ್ತಿಸಿದಾಗ ಎಂಜಿನ್ ಸದ್ದು ಒಳಗೆ ಬರುತ್ತದೆ. ಅದೇ ಗಾಡಿಯ 350ಡಿ, ಮೂರು ಲೀಟರ್ ವಿ6 (ವಿ ಆಕಾರದಲ್ಲಿ ಆರು ಸಿಲಿಂಡರ್), 620 ನ್ಯೂಟನ್ ಮೀಟರ್, ಬೆಣ್ಣೆ. ಆದರೆ ಒಳ್ಳೆಯದು ಒಂದೂ ಕೈಗೆ ಸಿಗಲಿಲ್ಲ. ವೋಲ್ವೋ ಎಕ್ಸ್‌ಸಿ90 ಡಿ5 ಕೂತುಕೊಳ್ಳಲು ಎಲ್ಲಕ್ಕಿಂತ ಚೆನ್ನ, ಅದೂ ಎರಡು ಲೀಟರೇ. ಆಡಿ ಕ್ಯೂ7, ಮೂರು ಲೀಟರ್ ವಿ6, 600 ನ್ಯೂಟನ್ ಮೀಟರ್, ಇದರ ಮೇಲೆ ಬಹಳ ಮನಸ್ಸಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಸ ಹೊಗೆ ನಿಯಮ ಬಂದಾಗ ಆಡಿ ಇಲ್ಲಿ ಡೀಸೆಲ್ಲನ್ನೇ ನಿಲ್ಲಿಸಿತು. ಹೊಸತು ಸಿಗುವುದಿಲ್ಲ ಎಂದು ಹಳೆಯ ಡೀಸೆಲ್ ಹಿಡಿದುಕೊಂಡವರು ಬೆಲೆ ಬಿಡಲಿಲ್ಲ. ಚೌಕಾಶಿಗೆ ಜಾಗವೇ ಇರಲಿಲ್ಲ.

ಈ ನಡುವೆ ದೆಹಲಿ ಗಾಡಿಯ ಹುಚ್ಚೂ ಹಿಡಿಯಿತು. ಆಗ ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸುವ ಹಾಗಿರಲಿಲ್ಲ, ಹಾಗಾಗಿ ಬೆಲೆ ಬೇಗ ಬೀಳುತ್ತಿತ್ತು. ಒಂದು ಕ್ಯೂ7 ಇಲ್ಲಿಗಿಂತ ಎಂಟು ಲಕ್ಷ ಕಡಿಮೆಗೆ ಕಂಡಿತು. ವಿಮಾನದ ಟಿಕೆಟ್ ನೋಡುತ್ತಾ ಕೂತಿದ್ದೆ. ಆಮೇಲೆ ಹೊರ ರಾಜ್ಯದ ಗಾಡಿ ಇಲ್ಲಿಗೆ ತಂದರೆ ಕಟ್ಟಬೇಕಾದ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಲೆಕ್ಕ ಹಾಕಿದೆ. 20 ಲಕ್ಷದ ಮೇಲಿನ ಗಾಡಿಗೆ ಶೇಕಡಾ 18, ಮೇಲೆ ಸೆಸ್. ವಯಸ್ಸು ನೋಡಿ ಸ್ವಲ್ಪ ಕಡಿಮೆ ಮಾಡುತ್ತಾರೆ ನಿಜ, ಆದರೆ ಲೆಕ್ಕ ಹಾಕುವುದು ಮೂಲ ಬೆಲೆಯ ಮೇಲೆ. ಹತ್ತು ಲಕ್ಷದ ಹತ್ತಿರ ಬಂತು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಕೆಎ ನಂಬರ್ ಗಾಡಿಯೇ ಬೇಕು ಎಂದು ಅಂದೇ ತೀರ್ಮಾನ.

ಕೊನೆಗೆ ಸಿಕ್ಕಿದ್ದು ಬೆಂಗಳೂರಿನ 2016ರ ಎಕ್ಸ್5 30ಡಿ. ಸಾಲಾಗಿ ಆರು ಸಿಲಿಂಡರ್, ಮೂರು ಲೀಟರ್, 258 ಎಚ್‌ಪಿ, 560 ನ್ಯೂಟನ್ ಮೀಟರ್. ಹಿಂದಿನ ಬಿಎಸ್4 ನಿಯಮದ ಗಾಡಿ, ಆಡ್‌ಬ್ಲೂ (ಹೊಗೆ ಶುದ್ಧ ಮಾಡಲು ತುಂಬಿಸುವ ದ್ರವ) ಗೊಡವೆ ಇಲ್ಲ. ಓಡಿದ್ದು 46 ಸಾವಿರ. ಮೊದಲ ಮಾಲೀಕ 38 ಎಂದು ಶುರು ಮಾಡಿದ್ದರು, 33.5ಕ್ಕೆ ಬಂತು. ಆಗಸ್ಟ್, ಕೊರೊನಾ, ಮೇಲೆ ಮಳೆ. ಯಾರೂ ಕೊಳ್ಳುತ್ತಿರಲಿಲ್ಲ. ನಮ್ಮ ಕೈಯಲ್ಲೂ ಆ ತಿಂಗಳು ದುಡ್ಡಿರುವುದಿಲ್ಲ. ಹಳೆ ಗಾಡಿಯ 21 ಇಟ್ಟಿದ್ದೆ, ಉಳಿದದ್ದಕ್ಕೆ ತೋಟದ ಸಿಲ್ವರ್ ಓಕ್ ಮರ ಮಾರಿದೆ. ಕೊಳ್ಳುವುದು ಮಳೆಗಾಲದಲ್ಲಿ, ಮಾರುವುದು ಕಾಫಿ ದುಡ್ಡು ಬಂದ ಮೇಲೆ. ನನ್ನ ವಿದ್ಯೆಯಲ್ಲಿ ಅರ್ಧ ಇದೇ.

ಇನ್ನರ್ಧ ನೋಡಿ ತರುವುದು. ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ತೆಗೆಯದೆ, ತೇವಾಂಶ ನೋಡದೆ ಯಾವ ವ್ಯಾಪಾರಿಯಾದರೂ ನಮ್ಮ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಕೊಳ್ಳುತ್ತಾನಾ? ನಾವು ಮಾತ್ರ ಪಾಲಿಶ್ ನೋಡಿ 30 ಲಕ್ಷ ಕೊಡುತ್ತೇವೆ. ಇದಕ್ಕೂ ಮೊದಲು ಮೂರು ಎಕ್ಸ್5 ಬಿಟ್ಟಿದ್ದೆ. ಈ ಎಂಜಿನ್ನಿನ ಟೈಮಿಂಗ್ ಚೈನ್ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಸರಪಳಿ) ಗೇರ್‌ಬಾಕ್ಸ್ ಕಡೆಗಿದೆ. ಮುಟ್ಟಬೇಕೆಂದರೆ ದೊಡ್ಡ ಕೆಲಸ, ದೊಡ್ಡ ಬಿಲ್ಲು. ಹಳೆ ಎಣ್ಣೆಯಲ್ಲಿ ಅದು ಸವೆಯುವುದರಿಂದ ಎಣ್ಣೆ ಬದಲಿಸಲು ಎಳೆದಾಡಿದ ಗಾಡಿ ಬೇಡವೇ ಬೇಡ. ಹಾಗಾಗಿ ಬೆಳಿಗ್ಗೆ ಆರಕ್ಕೆ, ಮಾಲೀಕ ಎಂಜಿನ್ ಬಿಸಿ ಮಾಡುವ ಮೊದಲೇ ಗೇಟಿನ ಹತ್ತಿರ ನಿಂತಿರುತ್ತಿದ್ದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಮೊದಲ ಹತ್ತು ಸೆಕೆಂಡಿನ ಸದ್ದು ಕೇಳಬೇಕು. ಆಮೇಲೆ ಸ್ಕ್ಯಾನರ್ ಹಾಕಿ ಆರೂ ಇಂಜೆಕ್ಟರಿನ ಕರೆಕ್ಷನ್, ಅಂದರೆ ಯಾವುದರ ಡೀಸೆಲ್ಲನ್ನು ಎಷ್ಟು ಸರಿಹೊಂದಿಸಬೇಕಾಗಿದೆ ಎಂದು ನೋಡುವುದು. ಒಂದು ಸಿಲಿಂಡರ್ ಬೇರೆ ಐದರಿಂದ ದೂರ ನಿಂತಿದ್ದರೆ ಕಾಫಿ ಕುಡಿದು ಎದ್ದು ಬರುವುದು. ಎಣ್ಣೆಯ ಮುಚ್ಚಳ ತೆಗೆದು ಇನ್ನೊಂದು ಪರೀಕ್ಷೆ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಗಾಡಿ ಇನ್ನೂ ಕೊಂಡಿಲ್ಲ, ಪೈಪೋಟಿ ಬೇಡ.

ಖರ್ಚಿನ ವಿಷಯಕ್ಕೆ ಬರೋಣ. ಎಲ್ಲರೂ ಹೆದರಿಸಿದ್ದು ಇದಕ್ಕೇ. ಮೊದಲ ಪೆಟ್ಟು ಟಯರಿನದು. ತಂದ ಎರಡೇ ತಿಂಗಳಿಗೆ ಮಾಕುಟ್ಟ ರಸ್ತೆಯ ಗುಂಡಿಯಲ್ಲಿ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟಯರ್) ಒಂದರ ಬದಿ ಸೀಳಿತು. ರನ್‌ಫ್ಲಾಟ್ ಬಿಟ್ಟು ನಾಲ್ಕೂ ಸಾಮಾನ್ಯ ಟಯರ್ ಹಾಕಿಸಿದೆ, 19 ಇಂಚಿನದು, 95 ಸಾವಿರದ ಹತ್ತಿರ. ಆಮೇಲೆ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಬಿದ್ದಿರುತ್ತಿತ್ತು. ಜಾಗ ಹೋಯಿತು, ಬೆನ್ನು ಉಳಿಯಿತು. ಗೇರ್‌ಬಾಕ್ಸ್ ಎಣ್ಣೆ ಗಾಡಿಯ ಆಯಸ್ಸಿಗೆ ಸಾಕು ಎಂಬ ಮಾತಿದೆ. ನಂಬಬೇಡಿ. ಗೇರ್‌ಬಾಕ್ಸ್ ಮಾಡುವ ಝಡ್‌ಎಫ್‌ನವರೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಬದಲಿಸಿ ಎನ್ನುತ್ತಾರೆ. ಪ್ಯಾನ್, ಫಿಲ್ಟರ್ ಸಮೇತ 55 ಸಾವಿರ ಆಯಿತು. ಎಂಜಿನ್ ಎಣ್ಣೆ ಪ್ರತಿ ಎಂಟು ಸಾವಿರಕ್ಕೆ. ಗಾಡಿ ಕೇಳುವ ಮೊದಲೇ. ಬ್ಯಾಟರಿ, ಬುಷ್, ಬ್ರೇಕ್ ಪ್ಯಾಡ್ ಎಲ್ಲ ಸೇರಿ 43 ತಿಂಗಳಿಗೆ ಆರು ಲಕ್ಷ. ಸ್ವಲ್ಪ ಆಚೀಚೆ ಇರಬಹುದು, ಬಿಲ್ಲಿನ ಫೈಲ್ ಗಾಡಿ ಜೊತೆಗೇ ಹೋಯಿತು.

ಒಂದು ಪ್ರಯೋಗ ಹೇಳಲೇಬೇಕು. ಕೊಯ್ಲಿನ ಸಮಯದಲ್ಲಿ ಪಿಕಪ್ ಕೆಟ್ಟು ನಿಂತಿತು. ಕೆಳಗಿನ ಬ್ಲಾಕಿನಿಂದ ಕಣಕ್ಕೆ ಕಡಿದಾದ ಏರು. ಹಿಂದಿನ ಸೀಟು ಮಡಚಿ, ಟಾರ್ಪಾಲ್ ಹಾಸಿ, ಐವತ್ತು ಕಿಲೋದ ಏಳು ಚೀಲ ಕಾಫಿ ಹಣ್ಣು ಹೇರಿದೆ. ಎಂಜಿನ್ 1,600 ಆರ್‌ಪಿಎಂ ದಾಟಲಿಲ್ಲ, ನಡೆದುಕೊಂಡು ಬಂದ ಹಾಗೆ ಬಂತು. ಹಳೆಯ ಎರಡು ಲೀಟರಿನಲ್ಲಿ ಬರೀ ನಾನು, ತೋಟದ ರೈಟರ್ (ಗುಮಾಸ್ತ) ಇಬ್ಬರೇ ಕೂತರೂ ಅದೇ ಏರಿಗೆ 2,500 ತಿರುಗುತ್ತಿತ್ತು. ದಿನಾ ಎರಡೂವರೆ ಸಾವಿರ ತಿರುಗಿಸಿದ ಎಂಜಿನ್ ಬೇಗ ಸವೆಯದೆ ಏನು? ಮನೆಯವಳಿಗೆ ಈ ಯಾವ ತರ್ಕವೂ ಹಿಡಿಸಲಿಲ್ಲ. ಒಂದು ತಿಂಗಳು ಗಾಡಿಯಲ್ಲಿ ಹಸಿ ಹಣ್ಣಿನ ಹುಳಿ ವಾಸನೆ.

ಮೈಲೇಜ್? ಮೈಸೂರಿಗೆ ಹೋಗಿ ಬಂದರೆ 12-13. ತೋಟ, ಪೇಟೆ, ಘಾಟಿ ಎಂದರೆ ಎಂಟು. ಒಮ್ಮೆ ಪವರ್ ಜಾಸ್ತಿ ಮಾಡುವ ಟ್ಯೂನಿಂಗ್ ಬಾಕ್ಸನ್ನೂ ಹಾಕಿ ನೋಡಿದೆ. ಒಂದು ವಾರ ಖುಷಿ, ಎಂಟನೇ ದಿನ ಭಯ. ಕಿತ್ತು ಡ್ರಾಯರಿಗೆ ಹಾಕಿದೆ, ಈಗಲೂ ಅಲ್ಲೇ ಇದೆ.

ಪಕ್ಕದ ತೋಟದ ಗೆಳೆಯ ಆಗಲೇ ಹೊಸ ಬಿಎಸ್6 ಡೀಸೆಲ್ ತಂದಿದ್ದ. ಅವನ ಓಡಾಟ ಮನೆಯಿಂದ ಪೊನ್ನಂಪೇಟೆ, ವಾಪಸ್ ಮನೆ, ಆರು ಕಿಲೋಮೀಟರ್. ಎಂಜಿನ್ ಬಿಸಿಯಾಗುವ ಹೊತ್ತಿಗೆ ಆಫ್. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಆ ಮಸಿ ಸುಟ್ಟುಕೊಳ್ಳಲು ಅವಕಾಶವೇ ಇಲ್ಲ. ಅದರ ಎಚ್ಚರಿಕೆ ದೀಪ ಹತ್ತಿದಾಗಲೆಲ್ಲ ನಾನೇ ಅವನ ಗಾಡಿ ತೆಗೆದುಕೊಂಡು ತಿತಿಮತಿ ದಾಟಿ ಹುಣಸೂರಿನ ತನಕ ಒಂದೇ ವೇಗದಲ್ಲಿ ಓಡಿಸಿ ಬರುತ್ತಿದ್ದೆ. ಬಿಟ್ಟಿ ಡೀಸೆಲ್, ದಾರಿಯಲ್ಲಿ ದೋಸೆ. ತೋಟದೊಳಗೇ ತಿರುಗುವವರಿಗೆ ಬಿಎಸ್6 ಡೀಸೆಲ್ ಬೇಡ ಎಂದು ಅವನಿಗೆ ಈಗಲೂ ಹೇಳುತ್ತೇನೆ. ಅವನು ಈಗಲೂ ದೀಪ ಹತ್ತಿದಾಗ ಫೋನ್ ಮಾಡುತ್ತಾನೆ.

ಭಾವನ ಗಾಡಿಗೆ ಸಲ್ಲಬೇಕಾದದ್ದು ಸಲ್ಲಲಿ. ಜುಲೈ ಕೆಸರಿನಲ್ಲಿ ಲೋ ರೇಂಜ್ (ನಿಧಾನಕ್ಕೆ ಬಲವಾಗಿ ಎಳೆಯುವ ಗೇರ್) ಹಾಕಿ ಫಾರ್ಚುನರ್ ಹೋಗುವ ಕಡೆ ನನ್ನದು ಹೋಗುತ್ತಿರಲಿಲ್ಲ. ಎರಡು ಸಲ ನನ್ನನ್ನು ಎಳೆದು ಹಾಕಿದ್ದೂ ಅದೇ. ಆದರೆ ನಾಲ್ಕು ವರ್ಷ ಹಳೆಯ ಫಾರ್ಚುನರ್ ಕೊಳ್ಳಲು ಹೋಗಿ ನೋಡಿ, ಹೊಸದರ ಹತ್ತಿರದ ಬೆಲೆ ಹೇಳುತ್ತಾರೆ. ಮಾರುವವನಿಗೆ ಲಾಭ, ಕೊಳ್ಳುವವನಿಗೆ ಏನು?

ಮಾರಾಟ ಸಲೀಸಾಗಿ ಆಯಿತು. ಆ ಮಾರ್ಚಿನಲ್ಲಿ ರೊಬಸ್ಟಾ ಚೆರ್ರಿ ಚೀಲಕ್ಕೆ ಎಂಟು ಸಾವಿರ ದಾಟಿ ಏರುತ್ತಲೇ ಇತ್ತು. ಗಾಡಿ 97 ಸಾವಿರ ಓಡಿತ್ತು. ಒಂದು ಲಕ್ಷ ದಾಟಿದರೆ ಕೇಳುವವರ ಮುಖವೇ ಬದಲಾಗುತ್ತದೆ, ಅದಕ್ಕೆ ಜನವರಿಯಿಂದ ಜೀಪಿನಲ್ಲೇ ಓಡಾಡಿದ್ದೆ. ಬಂದವರು ಸಿದ್ದಾಪುರದ ಕಡೆಯ ಬೆಳೆಗಾರರು. ಬೆಳಿಗ್ಗೆಯೇ ಬನ್ನಿ, ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿ ಎಂದೆ. ಬಿಲ್ಲಿನ ಫೈಲ್ ಮುಂದಿಟ್ಟೆ. ಅರ್ಧ ಗಂಟೆ ಓದಿದರು. 27 ಲಕ್ಷಕ್ಕೆ ಮಾತು ಮುಗಿಯಿತು. ನಗದು ತಂದಿದ್ದರು. ಎರಡು ಲಕ್ಷವೋ ಅದಕ್ಕಿಂತ ಹೆಚ್ಚೋ ಆದರೆ ನಗದು ಮುಟ್ಟುವ ಹಾಗಿಲ್ಲ ಮಾರಾಯ್ರೇ ಎಂದು ಬ್ಯಾಂಕಿಗೆ ಕರೆದುಕೊಂಡು ಹೋದೆ.

ಬೆಲೆ ಇಳಿದದ್ದು ಆರೂವರೆ, ಖರ್ಚು ಆರು. ಡೀಸೆಲ್, ಇನ್ಶೂರೆನ್ಸ್ ಬಿಟ್ಟರೆ ಕಿಲೋಮೀಟರಿಗೆ 24-25 ರೂಪಾಯಿ. ಭಾವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. "ಹ್ಞೂಂ" ಎಂದರು, ಅಷ್ಟೇ. ಮನೆಯವಳು ಬೇರೆಯೇ ಲೆಕ್ಕ ತೆಗೆದಳು. ಕೊಂಡಾಗ ಚೆರ್ರಿ ಚೀಲಕ್ಕೆ ಮೂರು ಸಾವಿರ ಚಿಲ್ಲರೆ, ಅಂದರೆ ಗಾಡಿಗೆ ಸಾವಿರ ಚೀಲ. ಮಾರಿದಾಗ ಮುನ್ನೂರು ಚೀಲ ಚಿಲ್ಲರೆ. "ಏಳುನೂರು ಚೀಲ ಎಲ್ಲಿ?" ಎಂದಳು. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಈಗ ಮತ್ತೆ ಹುಡುಕಾಟ. ಒಳ್ಳೆಯ ಬಿಎಸ್4 ಗಾಡಿಗಳು ಮುಗಿಯುತ್ತಾ ಬಂದಿವೆ. ಇನ್ನು ಆಡ್‌ಬ್ಲೂ, ಡಿಪಿಎಫ್ ಕಟ್ಟಿಕೊಂಡೇ ಏಗಬೇಕು. ಮಗಳು ಬೆಂಗಳೂರಿನಲ್ಲಿ ಇರುವುದರಿಂದ ತಿಂಗಳಿಗೆ ಎರಡು ಸಲ ಹೈವೇ ಓಟ ಇದ್ದೇ ಇದೆ, ಹಾಗಾಗಿ ಧೈರ್ಯ ಮಾಡಿದ್ದೇನೆ. ಜಿಎಲ್‌ಇ 400ಡಿ ಒಂದು ಕಂಡಿದೆ, ಸಾಲಾಗಿ ಆರು ಸಿಲಿಂಡರ್, 700 ನ್ಯೂಟನ್ ಮೀಟರ್. ಮಾಲೀಕರು ಈಗ ಹೇಳುತ್ತಿರುವ ಬೆಲೆ ಏಪ್ರಿಲ್ ತಿಂಗಳದ್ದು. ಜುಲೈ ತನಕ ಫೋನ್ ಮಾಡುವುದಿಲ್ಲ.