ಮದ್ದು ಸುಡುವ ರಾತ್ರಿ ಕೆರೆಯಲ್ಲಿ ದೋಣಿ ತಡೆದ ಅನುಭವ

ದೋಣಿ ಓಡಾಡುವಂಥ ನದಿ ಬೆಂಗಳೂರಿನಲ್ಲಿಲ್ಲ. ವೃಷಭಾವತಿ ಇದೆ, ಆದರೆ ಅದರಲ್ಲಿ ದೋಣಿ ಇಳಿಸುವ ಆಸೆ ಯಾರಿಗೂ ಬರಲಾರದು. ನಮಗಿರುವುದು ಕೆರೆಗಳು. ಕಾರ್ತಿಕ ಮಾಸ ಬಂದರೆ ಕೆಲವು ಕೆರೆಗಳಲ್ಲಿ ತೆಪ್ಪೋತ್ಸವ ನಡೆಯುತ್ತದೆ. ಅದರ ಜೊತೆಗೆ ಬಾಣಬಿರುಸು. ಕಾರ್ಯಕ್ರಮಗಳ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕಸುಬು. ನಗರದ ಅಂಚಿನ ಒಂದು ಕೆರೆಯ ಉತ್ಸವಕ್ಕೆ ನೀರಿನ ಕಡೆಯ ಜವಾಬ್ದಾರಿ ನನ್ನ ಪಾಲಿಗೆ ಬಂದಿತ್ತು. ಇದು 2023ರ ಅತ್ತಿಬೆಲೆಯ ಪಟಾಕಿ ದುರಂತಕ್ಕಿಂತ ಮೊದಲಿನ ಮಾತು.

ದಡದಲ್ಲಿ ಜನರನ್ನು ತಡೆಯಲು ಬ್ಯಾರಿಕೇಡ್ ಇರುತ್ತದೆ, ಪೊಲೀಸರು ಇರುತ್ತಾರೆ. ನೀರಿನ ಮೇಲೆ ಏನೂ ಇರುವುದಿಲ್ಲ. ಆದರೆ ನಮ್ಮ ಕೆರೆಗಳು ಖಾಲಿ ಬಿದ್ದಿರುವುದಿಲ್ಲ ಅಲ್ವಾ? ಮೀನು ಹಿಡಿಯುವವರ ಹರಿಗೋಲು ಇರುತ್ತದೆ. ಪೆಡಲ್ ಬೋಟ್ ಇರುತ್ತದೆ. ಜೊಂಡು ತೆಗೆಯುವ ಯಂತ್ರ ಒಂದು ಮೂಲೆಯಲ್ಲಿ ನಿಂತಿರುತ್ತದೆ. ಲಾರಿ ಟ್ಯೂಬಿನ ಮೇಲೆ ಕೂತು ತೇಲುವ ಹುಡುಗರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇನ್ನು ತೆಪ್ಪ. ಡ್ರಮ್ಮುಗಳ ಮೇಲೆ ಹಲಗೆ ಕಟ್ಟಿ, ಹೂವಿನ ಮಂಟಪ ಮಾಡಿ, ದೇವರ ಜೊತೆ ಹತ್ತಾರು ಜನ ಹತ್ತುವ ಅದೂ ಒಂದು ದೋಣಿಯೇ.

ನದಿಯ ಮೇಲೆ ಮದ್ದು ಸುಡುವುದು ಅಮೆರಿಕದಲ್ಲಿ ಜಾಸ್ತಿ. ಜುಲೈ 4ರಂದು ಅಲ್ಲಿನ ಎಷ್ಟೋ ಊರುಗಳಲ್ಲಿ ನದಿ ನಡುವೆ ನಿಲ್ಲಿಸಿದ ಚಪ್ಪಟೆ ತಳದ ದೊಡ್ಡ ದೋಣಿ, ಅಂದರೆ ಬಾರ್ಜ್‌ನಿಂದಲೇ ಶೆಲ್ (ಪೈಪಿನಿಂದ ಚಿಮ್ಮಿ ಆಕಾಶದಲ್ಲಿ ಒಡೆಯುವ ಮದ್ದಿನ ಗುಂಡು) ಹಾರಿಸುತ್ತಾರೆ. ಅಂಥ ರಾತ್ರಿ ಕೋಸ್ಟ್ ಗಾರ್ಡ್ ಅಧಿಕಾರಿ ನದಿಯ ಒಂದು ತುಂಡನ್ನು ಸೇಫ್ಟಿ ಝೋನ್ ಎಂದು ಘೋಷಿಸಿ, ದೋಣಿಗಳು ಒಳಗೆ ಬರದಂತೆ ತಡೆಯುತ್ತಾರೆ. ಅದು ಅವರ ಸರ್ಕಾರಿ ಗೆಜೆಟ್ಟಿನಲ್ಲಿ ಅಚ್ಚಾಗುತ್ತದೆ. ರೇಡಿಯೊದಲ್ಲೂ ಹೇಳುತ್ತಾರೆ. ಮಿಸಿಸಿಪ್ಪಿಯಲ್ಲಿ ಒಂದು ಟೋ ಬೋಟ್ 15 ಬಾರ್ಜ್‌ಗಳನ್ನು ಒಟ್ಟಿಗೆ ಕಟ್ಟಿ ತಳ್ಳಿಕೊಂಡು ಹೋಗುವುದುಂಟು, ಉದ್ದ ಸಾವಿರ ಅಡಿಗೂ ಮಿಕ್ಕು. ಅದಕ್ಕೆ ಕೊನೇ ಗಳಿಗೆಯಲ್ಲಿ ಕೈ ಅಡ್ಡ ಹಿಡಿದರೆ ನಿಲ್ಲುತ್ತದೆಯೇ? ಅದಕ್ಕೇ ಮೊದಲೇ ತಿಳಿಸುತ್ತಾರೆ.

ಆ ನೋಟಿಸುಗಳನ್ನು ಓದಿ ನಾನು ತೆಗೆದುಕೊಂಡದ್ದು ಇಷ್ಟೇ: ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಒಳಗೆ ಹೋಗಬೇಕಿದ್ದರೆ ಯಾರನ್ನು ಕೇಳಬೇಕು. ಮೂರನ್ನೂ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ನಕ್ಷೆ ಗೀಚಿ, ಪೊಲೀಸ್ ಠಾಣೆಗೆ, ಅಗ್ನಿಶಾಮಕದವರಿಗೆ, ಬೋಟಿಂಗ್ ಗುತ್ತಿಗೆದಾರರಿಗೆ, ದೇವಸ್ಥಾನದ ಸಮಿತಿಗೆ ಕೊಟ್ಟೆವು.

'ಎಲ್ಲಿಯವರೆಗೆ' ಎಂಬುದಕ್ಕೆ ಲೆಕ್ಕ ಇದೆ. ಅಮೆರಿಕದ ಎನ್‌ಎಫ್‌ಪಿಎ 1123 ಎಂಬ, ಬಾಣಬಿರುಸು ಪ್ರದರ್ಶನದ ಸುರಕ್ಷತಾ ಮಾನದಂಡದ ಪ್ರಕಾರ ಶೆಲ್ ಹಾರಿಸುವ ಪೈಪಿನ ಒಳಸುತ್ತಿನ ಅಗಲ ಒಂದು ಇಂಚಿಗೆ 70 ಅಡಿ ಜಾಗ ಬಿಡಬೇಕು. 3 ಇಂಚಿನ ಶೆಲ್‌ಗೆ 210 ಅಡಿ, 6 ಇಂಚಿಗೆ 420 ಅಡಿ, ಅದೂ ಸುತ್ತಲೂ. ಸಮಿತಿಯವರಿಗೆ 6 ಇಂಚಿನದೇ ಬೇಕಿತ್ತು, ಪಕ್ಕದೂರಿನ ಜಾತ್ರೆಯಲ್ಲಿ ಅದನ್ನೇ ಹಾರಿಸಿದ್ದರಂತೆ. ನಾವು ಪೈಪು ನೆಡಬೇಕಿದ್ದದ್ದು ಕೋಡಿಯ ಬದಿಯಲ್ಲಿ, ಜನ ಸೇರುವುದು ಏರಿಯ ಮೇಲೆ. ಅಲ್ಲಿ 420 ಅಡಿ ಅಳೆದರೆ ಒಂದು ಮಗ್ಗುಲಲ್ಲಿ ಮನೆಗಳೇ ಬರುತ್ತಿದ್ದವು. ಟೇಪು ಹಿಡಿದು ಅಧ್ಯಕ್ಷರನ್ನೇ ಜೊತೆಯಲ್ಲಿ ನಡೆಸಿದೆ. ನಡೆದು ಮುಗಿಯುವ ಹೊತ್ತಿಗೆ ಅವರೇ 3 ಇಂಚಿಗೆ ಇಳಿದರು.

ಕಾರ್ತಿಕದಲ್ಲಿ ಬೆಂಗಳೂರಿನಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಪಶ್ಚಿಮದ ಕಡೆ ಲೆಕ್ಕಕ್ಕಿಂತ ಜಾಸ್ತಿಯೇ ಜಾಗ ಬಿಟ್ಟೆವು. ಗಡಿಗೆ ಖಾಲಿ ನೀರಿನ ಕ್ಯಾನುಗಳನ್ನು ತೇಲಿಬಿಟ್ಟು, ಮರಳು ಮೂಟೆ ಕಟ್ಟಿ ನಿಲ್ಲಿಸಿ, ಮೇಲೆ ಬ್ಯಾಟರಿ ದೀಪ ಅಂಟಿಸಿದೆವು. ದುಬಾರಿ ಬೋಯ್ (ನೀರಿನ ಮೇಲೆ ತೇಲುವ ಗುರುತು) ತರಿಸುವ ಅಗತ್ಯ ಏನೂ ಇಲ್ಲ.

ಮೀನುಗಾರರ ಜೊತೆ ಆಡಿದ ಮಾತೇ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಟೆಂಡರ್ ಹಿಡಿದವರಿಗೆ ಹೇಳಿದರೆ ಸಾಕು ಎಂದು ಎಲ್ಲರೂ ಅಂದರು. ಟೆಂಡರ್ ಹಿಡಿದವರು ನೀರಿಗೆ ಇಳಿಯುವುದಿಲ್ಲವಲ್ಲ. ಹರಿಗೋಲು ಹುಟ್ಟು ಹಾಕುವವರನ್ನೇ ಹುಡುಕಿಕೊಂಡು ಬೆಳಗ್ಗೆ ತೂಬಿನ ಹತ್ತಿರ ಹೋದೆ. ಬಲೆ ಒದರುತ್ತಿದ್ದ ಹಿರಿಯರೊಬ್ಬರು ಹಾಳೆಯನ್ನು ನೋಡಿ ನಕ್ಕರು.

"ಸಂಜೆ ಬಲೆ ಬಿಟ್ರೆ ಬೆಳಗ್ಗೆನೇ ಎತ್ತೋದು ಸಾರ್. ಪಟಾಕಿ ಹೊಡೆಯೋ ಹೊತ್ತಲ್ಲಿ ನಮಗೇನು ಕೆಲಸ ಕೆರೇಲಿ?"

"ಹಾಗಾದ್ರೆ ಯಾರು ಇಳೀತಾರೆ ಅಣ್ಣ?"

"ಮುಗಿದ ಮೇಲೆ ನೋಡಿ. ಒಡೀದೇ ಇರೋದನ್ನ ಆರ್ಸೋಕೆ ಹುಡುಗ್ರು ಬರ್ತಾರೆ. ನಮ್ಮ ಹರಿಗೋಲು ಬಿಚ್ಕೊಂಡೇ ಹೋಗ್ತಾರೆ."

ದೀಪಾವಳಿಯ ಮರುದಿನ ಬೀದಿಯಲ್ಲಿ ಟುಸ್ ಆದ ಪಟಾಕಿ ಆರಿಸದ ಹುಡುಗರು ಯಾರಿದ್ದಾರೆ? ಕೆರೆಯಲ್ಲೂ ಅದೇ. ಆದರೆ ಶೆಲ್‌ನ ಮಾತೇ ಬೇರೆ. ಮೇಲೆ ಹೋಗಿ ಒಡೆಯದೆ ನೀರಿಗೆ ಬಿದ್ದ ಶೆಲ್‌ನಲ್ಲಿ ಹೊರಗಿನ ಕಾಗದ ನೆನೆದಿದ್ದರೂ ಒಳಗಿನ ಮದ್ದು ಒಣಗಿಯೇ ಇರಬಹುದು. ಅಂದಿನಿಂದ ನನ್ನ ಲೆಕ್ಕ ತಲೆಕೆಳಗಾಯಿತು. ದೋಣಿ ಯಾವಾಗ ನಿಲ್ಲಿಸಬೇಕು ಎಂಬುದಕ್ಕಿಂತ ಯಾವಾಗ ಬಿಡಬೇಕು ಎಂಬುದಕ್ಕೆ ಜಾಸ್ತಿ ತಲೆ ಕೊಟ್ಟೆ. ಹರಿಗೋಲುಗಳನ್ನೆಲ್ಲ ಸಂಜೆಯೇ ದಡಕ್ಕೆ ಎಳೆದು, ಸರಪಳಿ ಹಾಕಿ, ಬೀಗದ ಕೈಯನ್ನು ಆ ಹಿರಿಯರ ಬಳಿಯೇ ಇಟ್ಟೆವು. ಪೊಲೀಸರ ಕೈಗೆ ಕೊಟ್ಟಿದ್ದರೆ ಮೀನುಗಾರರಿಗೆ ಬೇಜಾರಾಗುತ್ತಿತ್ತು.

ಇನ್ನೊಂದು ತಕರಾರು ತೆಪ್ಪದ್ದು. ದೇವರು ತೆಪ್ಪದ ಮೇಲಿರುವಾಗಲೇ ಮದ್ದು ಸುಡಬೇಕು, ಅದು ಹಿಂದಿನಿಂದ ಬಂದದ್ದು ಎಂದು ಊರಿನ ಗೌಡರು ಪಟ್ಟು ಹಿಡಿದರು. ತೆಪ್ಪ ಮೂರು ಸುತ್ತು ಬರುವಾಗ ಕೋಡಿಯ ಬದಿಯನ್ನು ಹಾದೇ ಹೋಗಬೇಕು. ಅಂದರೆ ಶೆಲ್ ಬೀಳುವ ಜಾಗದಲ್ಲೇ. ನಾನು ಎಷ್ಟು ವಾದಿಸಿದರೂ ಗೌಡರು ಜಗ್ಗಲಿಲ್ಲ. ದಾರಿ ತೋರಿಸಿದ್ದು ಅರ್ಚಕರು. "ಗೌಡ್ರೇ, ಮೂರನೇ ಸುತ್ತು ಮುಗಿಸಿ ತೆಪ್ಪವನ್ನ ಮೆಟ್ಟಿಲಿಗೆ ಕಟ್ಟೋಣ. ದೇವರನ್ನ ಇಳಿಸೋದು ಬೇಡ. ಮಂಗಳಾರತಿ ಆಗ್ಲಿ, ಆಮೇಲೆ ಮದ್ದು. ಸ್ವಾಮಿ ತೆಪ್ಪದ ಮೇಲೇ ಇರ್ತಾನಲ್ಲ?" ಮೆಟ್ಟಿಲು ಇದ್ದದ್ದು ಆಚೆ ದಡದಲ್ಲಿ, ಗಡಿಯಿಂದ ಸಾಕಷ್ಟು ದೂರ. ಗೌಡರು ಸ್ವಲ್ಪ ಹೊತ್ತು ಮೀಸೆ ಸವರಿಕೊಂಡು ಒಪ್ಪಿದರು.

ಕಾವಲಿನ ದೋಣಿ ನಮ್ಮದು ಎರಡು. ಪ್ರತಿ ದೋಣಿಯಲ್ಲಿ ಒಬ್ಬರು ಬಾಣಬಿರುಸಿಗೆ ಬೆನ್ನು ಹಾಕಿ ಕೂರಬೇಕು ಎಂದು ಕಟ್ಟುನಿಟ್ಟು ಮಾಡಿದ್ದೆ. ಹುಡುಗರು ಗೊಣಗಿದರು. ಇಷ್ಟು ಹತ್ತಿರ ಬಂದು ನೋಡಬಾರದು ಅಂದರೆ ಹೇಗೆ? ಆದರೆ ಬೆಳಕನ್ನು ದಿಟ್ಟಿಸಿದ ಕಣ್ಣಿಗೆ ಕತ್ತಲು ಮತ್ತೆ ಹಿಡಿಸಲು ಎಷ್ಟೋ ನಿಮಿಷ ಬೇಕು. ಹರಿಗೋಲಿಗೆ ದೀಪ ಇರುವುದಿಲ್ಲ. ಟ್ಯೂಬಿಗಂತೂ ಕೇಳಲೇಬೇಡಿ. ಸದ್ದಿನಲ್ಲಿ ಸೀಟಿ ಕೇಳದು ಎಂದು ವಾಕಿಟಾಕಿ ಜೊತೆಗೆ ಕೆಂಪು ಟಾರ್ಚನ್ನೂ ಇಟ್ಟುಕೊಂಡಿದ್ದೆವು. ಮದ್ದು ಹಚ್ಚುವವರ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿದ್ದೆ. ನಮ್ಮ 'ನಿಲ್ಲಿಸಿ' ಕೇಳಿದ ಕೂಡಲೇ ಅವರ ಭುಜ ತಟ್ಟುವುದು ಮಾತ್ರ ಆತನ ಕೆಲಸ.

ಬೆನ್ನು ಹಾಕಿ ಕೂತಿದ್ದ ಹುಡುಗನಿಗೇ ಅದು ಕಂಡದ್ದು. ಜೊಂಡಿನ ಮರೆಯಿಂದ ಟ್ಯೂಬಿನ ಮೇಲೆ ಇಬ್ಬರು ಹೊರಟಿದ್ದರು, ಮುಗಿಯುವವರೆಗೆ ಕಾಯುವ ತಾಳ್ಮೆ ಇಲ್ಲದೆ. ಕೆಂಪು ಟಾರ್ಚ್ ಬೀಸಿದೆವು, ಮದ್ದು ನಿಂತಿತು. ಏರಿಯ ಮೇಲಿನ ಜನ ಸಿಳ್ಳೆ ಹೊಡೆದರು, ಮೈಕಿನವರು ಭಕ್ತಿಗೀತೆ ಹಾಕಿದರು. ಹುಡುಗರನ್ನು ದಡ ಮುಟ್ಟಿಸಿ ಮತ್ತೆ ಶುರು ಮಾಡಿಸಿದೆವು. ಒಬ್ಬನಿಗೆ ಅವರಮ್ಮ ಅಲ್ಲೇ ಎರಡು ಬಿಟ್ಟರು.

ಕೊನೆಯ ಶೆಲ್ ಒಡೆದ ಮೇಲೆ ಅರ್ಧ ಗಂಟೆ ಯಾರನ್ನೂ ಬಿಡಲಿಲ್ಲ. ಹಾರಿದ್ದೆಷ್ಟು, ಒಡೆದದ್ದೆಷ್ಟು ಎಂದು ಮದ್ದು ಸುಡುವ ಲೈಸೆನ್ಸುದಾರರ ಸಹಾಯಕರು ಬರೆದುಕೊಳ್ಳುತ್ತಲೇ ಇದ್ದರು. ಒಂದು ಕಡಿಮೆ ಬಂತು. ಅವರನ್ನೇ ದೋಣಿಯಲ್ಲಿ ಕೂರಿಸಿಕೊಂಡು ಲೈಟು ಬಿಟ್ಟು ಸುತ್ತಿದೆವು. ಸಿಗಲಿಲ್ಲ. ಅಲ್ಲಿಗೆ ತೀರ್ಮಾನ ಆಯಿತು, ಬೆಳಕು ಹರಿಯುವವರೆಗೆ ಕೆರೆ ಮುಚ್ಚಿಯೇ ಇರಬೇಕು. ಪೊಲೀಸರ ಹೊಯ್ಸಳ ಗಸ್ತು ಗಾಡಿಯವರು ಏರಿಯ ಮೇಲೆ ಕಾದರು. ಬೆಳಗ್ಗೆ ಅದು ಸಿಕ್ಕಿದ್ದು ಪಶ್ಚಿಮದ ಅಂತರಗಂಗೆ ಗಿಡಗಳ ನಡುವೆ, ಗಾಳಿ ನೂಕಿದ ಕಡೆಯೇ. ಲೈಸೆನ್ಸುದಾರರೇ ಉದ್ದ ಕೋಲಿನ ಬಲೆಯಿಂದ ಅದನ್ನೆತ್ತಿ ನೀರಿನ ಬಕೆಟ್ಟಿಗೆ ಹಾಕಿಕೊಂಡರು. ನಾವು ಮುಟ್ಟಲಿಲ್ಲ.

ಈಗ ಕಾಲ ಬದಲಾಗಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಹೊಗೆ ಕಡಿಮೆ ಇರುವ ಹಸಿರು ಪಟಾಕಿ ಮಾತ್ರ, ಅದೂ ದೀಪಾವಳಿಗೆ ರಾತ್ರಿ 8ರಿಂದ 10 ಎಂದು ಹೇಳಿತು. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಅನಾಹುತ ಆದ ಮೇಲೆ ಮದುವೆ, ಮೆರವಣಿಗೆಗಳಲ್ಲಿ ಪಟಾಕಿ ಬೇಡ ಎಂದು ರಾಜ್ಯ ಸರ್ಕಾರ ಹೇಳಿತು. ಒಳ್ಳೆಯದೇ ಆಯಿತು. ಹೆಜ್ಜಾರ್ಲೆ, ನೀರುಕಾಗೆ ರಾತ್ರಿ ತಂಗುವ ನಡುಗಡ್ಡೆ ಇರುವ ಕೆರೆಗಂತೂ ಎಷ್ಟು ದುಡ್ಡು ಕೊಟ್ಟರೂ ನಾನು ಈ ಕೆಲಸ ಒಪ್ಪುವುದಿಲ್ಲ. ಡ್ರೋನ್ ಷೋ ಮಾಡುವವರು ಕೇಳಿದರೆ ಇದೇ ಹಾಳೆ ಕೊಡುತ್ತೇನೆ. ಡ್ರೋನೂ ಕೆಳಗೆ ಬೀಳುತ್ತದೆ.

ಕೆರೆ ಮುಚ್ಚಿದ್ದರಿಂದ ಮೀನುಗಾರರು ಆ ದಿನ ಬಲೆ ಎತ್ತಿದ್ದು ತಡವಾಗಿ. ಮಾರುಕಟ್ಟೆಯ ಹೊತ್ತು ಮೀರಿತ್ತು. ಅಷ್ಟು ನಷ್ಟ ಯಾರು ತುಂಬಿಕೊಡಬೇಕು ಎಂದು ನಾನು ಮೊದಲೇ ಸಮಿತಿಯಲ್ಲಿ ಎತ್ತಿದ್ದೆ. ಅಧ್ಯಕ್ಷರು ದುಡ್ಡು ಕೊಟ್ಟರು. ಲೆಕ್ಕದ ಪುಸ್ತಕದಲ್ಲಿ ಇದಕ್ಕೊಂದು ಕಲಂ ಇರಲಿಲ್ಲ, ಹೂವಿನ ಖರ್ಚಿಗೆ ಸೇರಿಸಿ ಬರೆದರು.